ಹಗ್ಗವನ್ನು ನಂಬದವನು

ಲಿಫ್ಟನ್ನು ಕಂಡುಹಿಡಿದವನು ಎಲಿಷಾ ಓಟಿಸ್ ಎಂದು ಪಾಠ ಹೇಳುವವರುಂಟು. ಅದು ಸರಿಯಲ್ಲ, ಭಾರವೆತ್ತುವ ಅಟ್ಟಣೆಗಳು ಆತನಿಗಿಂತ ಬಹು ಹಿಂದಿನವು. ಹಗ್ಗ ಹರಿದರೆ ಮೇಲಿರುವ ಕೂಲಿಯಾಳಿನ ಗತಿಯೇನು ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದೇ ಆತನ ಹಿರಿಮೆಯೆಂದು ನಾನು ಬಗೆದಿದ್ದೇನೆ.

1811ರಲ್ಲಿ ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ ಹುಟ್ಟಿದ ಓಟಿಸ್ ಬಂಡಿ ಮಾಡಿದ, ಗಿರಣಿ ನಡೆಸಿದ, ಯಾವುದರಲ್ಲಿಯೂ ನೆಲೆನಿಲ್ಲಲಿಲ್ಲ. 1852ರಲ್ಲಿ ಯಾಂಕರ್ಸ್ ಊರಿನ ಮಂಚದ ಕಾರ್ಖಾನೆಯಲ್ಲಿದ್ದಾಗ, ಸರಕೆತ್ತುವ ಅಟ್ಟಣೆಯ ನೆತ್ತಿಗೆ ಬಂಡಿಯ ಸ್ಪ್ರಿಂಗೊಂದನ್ನು ಜೋಡಿಸಿದ. ಹಗ್ಗ ಬಿಗಿಯಾಗಿರುವವರೆಗೆ ಅದು ಬಾಗಿರುತ್ತದೆ. ಹರಿದೊಡನೆ ನೆಟ್ಟಗಾಗಿ, ಇಕ್ಕೆಲದ ಕಂಬಗಳ ಹಲ್ಲುಗಳಿಗೆ ಕಚ್ಚಿಕೊಳ್ಳುತ್ತದೆ. ಇಷ್ಟೇ. ಆಳಿನ ಎಚ್ಚರವಾಗಲಿ, ಮೇಸ್ತ್ರಿಯ ಕೂಗಾಗಲಿ ಅದಕ್ಕೆ ಬೇಕಿಲ್ಲ.

ಕೊಳ್ಳುವವರು ವಿರಳವಾಗಿದ್ದರು. 1854ರಲ್ಲಿ ನ್ಯೂಯಾರ್ಕಿನ ಸ್ಫಟಿಕ ಭವನದ ವಸ್ತುಪ್ರದರ್ಶನದಲ್ಲಿ ತಾನೇ ಅಟ್ಟಣೆಯೇರಿ ನಿಂತು, ನೆರೆದವರ ಕಣ್ಣೆದುರು ಹಗ್ಗವನ್ನು ಕಡಿಸಿದ. ಅಟ್ಟಣೆ ಕೊಂಚ ಕುಸಿದು ನಿಂತಿತು. ಏಳುತ್ತಿರುವ ಕಟ್ಟಡಗಳ ಬಳಿ ಲಿಫ್ಟಿನ ತಪಾಸಣೆಯ ಕಾಗದಕ್ಕೆ ರುಜು ಬೀಳುವುದನ್ನು ಕಂಡಾಗಲೆಲ್ಲ ನನಗೆ ಈ ಪರೀಕ್ಷೆ ನೆನಪಾಗುತ್ತದೆ: ಅಲ್ಲಿ ಒತ್ತೆಯಾಗಿದ್ದುದು ಪರೀಕ್ಷಕನ ಪ್ರಾಣ.

1857ರಲ್ಲಿ ಬ್ರಾಡ್‌ವೇ ಬೀದಿಯ ಪಿಂಗಾಣಿ ಅಂಗಡಿಯೊಂದರಲ್ಲಿ ಜನರನ್ನು ಹೊತ್ತ ಆತನ ಮೊದಲ ಲಿಫ್ಟು ಓಡಾಡಿತು, ಅಂತಸ್ತುಗಳು ಐದೇ. ಗಗನಚುಂಬಿಗಳನ್ನು ಆತ ಕಾಣಲಿಲ್ಲ. 1861ರಲ್ಲಿ ಡಿಫ್ತೀರಿಯಾ ಬಂದು ತೀರಿಕೊಂಡಾಗ ಆತನಿಗೆ 49 ವರ್ಷ. ಕಾರ್ಖಾನೆಯು ಮಕ್ಕಳಾದ ಚಾರ್ಲ್ಸ್ ಮತ್ತು ನಾರ್ಟನ್ನರ ಕೈಸೇರಿತು.