ಗಗನಯುದ್ಧದ ಗುರು

ಮೊದಲನೆಯ ಮಹಾಯುದ್ಧವು 1914ರಲ್ಲಿ ಆರಂಭವಾದಾಗ ವಿಮಾನವು ಮುಖ್ಯವಾಗಿ ಶತ್ರುಸೇನೆಯ ಚಲನವಲನಗಳನ್ನು ನೋಡಿಬರುವ ಸಾಧನವಾಗಿದ್ದಿತು. ಮರುವರ್ಷ ಮೆಷಿನ್ ಗನ್ ಹೊತ್ತ ಕಾದಾಟದ ವಿಮಾನಗಳು ಬಂದವು. ಆದರೆ ಆಕಾಶದಲ್ಲಿ ಹೋರಾಡುವುದನ್ನು ಕಲಿಸುವ ಕ್ರಮವಿನ್ನೂ ರೂಪುಗೊಂಡಿರಲಿಲ್ಲ. ಅದನ್ನು ರೂಪಿಸಿದವರಲ್ಲಿ ಅಗ್ರಗಣ್ಯನು ಜರ್ಮನಿಯ ಓಸ್ವಾಲ್ಡ್ ಬೋಲ್ಕೆ.

ಬೋಲ್ಕೆಯು 1891ರ ಮೇ 19ರಂದು ಹಾಲೆ ನಗರದ ಬಳಿ, ಉಪಾಧ್ಯಾಯನೊಬ್ಬನ ಮಗನಾಗಿ ಜನಿಸಿದನು. ಉಬ್ಬಸದ ಬಾಧೆಯಿದ್ದರೂ ಆಟೋಟಗಳಲ್ಲಿ ಮುಂದಿದ್ದನು. ಸೈನಿಕನಾಗುವ ಹಂಬಲದಿಂದ ಬಾಲ್ಯದಲ್ಲಿಯೇ ಚಕ್ರವರ್ತಿಗೆ ಪತ್ರ ಬರೆದಿದ್ದನಂತೆ! 1915ರಲ್ಲಿ, ತಾನು ಬೀಡುಬಿಟ್ಟಿದ್ದ ಫ್ರಾನ್ಸಿನ ದುಯೇ ಪಟ್ಟಣದಲ್ಲಿ ಕಾಲುವೆಗೆ ಬಿದ್ದ ಫ್ರೆಂಚ್ ಹುಡುಗನೊಬ್ಬನನ್ನು ನೀರಿಗೆ ಧುಮುಕಿ ಬದುಕಿಸಿದನು.

1916ರ ಜೂನ್ 18ರಂದು ಅವನ ಸಮಕಾಲೀನ ವೀರ ಇಮ್ಮೆಲ್‌ಮನ್ ಮಡಿದನು. ಬೋಲ್ಕೆಯನ್ನೂ ಕಳೆದುಕೊಳ್ಳಲು ಮನಸ್ಸಾಗದೆ ಚಕ್ರವರ್ತಿಯು ಅವನ ಹಾರಾಟವನ್ನು ನಿಲ್ಲಿಸಿದನು. ಆ ಬಿಡುವಿನಲ್ಲಿ ಬೋಲ್ಕೆ ತನ್ನ ಅನುಭವವನ್ನು ಕೆಲವೇ ಸೂತ್ರಗಳಲ್ಲಿ ಬರೆದಿಟ್ಟನು. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಎರಗಬೇಕು. ತೀರ ಸಮೀಪಿಸಿದ ಮೇಲೆಯೇ ಗುಂಡು ಹಾರಿಸಬೇಕು. ಮೇಲಿಂದ ಎರಗುವ ವೈರಿಗೆ ಬೆನ್ನು ತೋರದೆ ಎದುರಾಗಬೇಕು. ಒಬ್ಬನೇ ಶತ್ರುವಿನ ಬೆನ್ನನ್ನು ನಮ್ಮವರು ಹಲವರು ಹತ್ತಬಾರದು.

ಆಗಸ್ಟಿನಲ್ಲಿ ಅವನಿಗೆ ಹೊಸ ದಳವೊಂದರ ನಾಯಕತ್ವ ದೊರೆಯಿತು. ತರುಣ ರಿಖ್ಟ್‌ಹೋಫೆನ್‌ನನ್ನೂ ತನಗಿಂತ ಹನ್ನೆರಡು ವರ್ಷ ಹಿರಿಯನಾದ ಎರ್ವಿನ್ ಬೋಮೆಯನ್ನೂ ಅವನೇ ಆರಿಸಿ ತಂದನು. ವಿಮಾನಗಳು ಇನ್ನೂ ಸಾಕಷ್ಟು ಬಂದಿರಲಿಲ್ಲ. ಪಾಠ ನೆಲದ ಮೇಲೆಯೇ ನಡೆಯಿತು. ಬೆಳಗಿನ ಜಾವ ಗುರು ತಾನೊಬ್ಬನೇ ಹಾರಿಹೋಗುವನು. ಹಿಂದಿರುಗಿದಾಗ ಅವನ ಗಲ್ಲಕ್ಕೆ ಮದ್ದಿನ ಕಪ್ಪು ಮೆತ್ತಿದ್ದರೆ, ಕಾಳಗ ನಡೆದಿದೆಯೆಂದು ಶಿಷ್ಯರು ಅರಿತುಕೊಳ್ಳುವರು. ಸೆಪ್ಟೆಂಬರ್ 2ರಂದು ತಾನು ಕೆಡವಿದ ವಿಲ್ಸನ್ ಎಂಬ ಆಂಗ್ಲ ಅಧಿಕಾರಿಯನ್ನು ಕರೆತಂದು ಕಾಫಿ ಕೊಟ್ಟು ಉಪಚರಿಸಿದನು. ಹೊಸ ವಿಮಾನಗಳು ಬಂದ ಬಳಿಕ, 17ರಂದು ಶಿಷ್ಯರನ್ನು ಯುದ್ಧಕ್ಕೆ ಕೊಂಡೊಯ್ದನು. ರಿಖ್ಟ್‌ಹೋಫೆನ್ ಅಂದು ತನ್ನ ಮೊದಲ ಗೆಲುವನ್ನು ಪಡೆದನು.

ಅಕ್ಟೋಬರ್ 28. ಬೋಲ್ಕೆಯ ಗೆಲುವುಗಳು ಆ ವೇಳೆಗೆ 40 ಆಗಿದ್ದವು. ಸಂಜೆಯ ಕಾಳಗದಲ್ಲಿ ಅವನೂ ಬೋಮೆಯೂ ಒಂದೇ ಆಂಗ್ಲ ವಿಮಾನದ ಬೆನ್ನು ಹತ್ತಿದರು. ರಿಖ್ಟ್‌ಹೋಫೆನ್ ಅಟ್ಟಿಸಿಕೊಂಡು ಬಂದ ಇನ್ನೊಂದು ವಿಮಾನ ಅಡ್ಡ ಬಂದಿತು. ಅದನ್ನು ತಪ್ಪಿಸುವ ಕ್ಷಣದಲ್ಲಿ ಬೋಮೆಯ ವಿಮಾನದ ಗಾಲಿಗಳು ಗುರುವಿನ ವಿಮಾನದ ಮೇಲಿನ ರೆಕ್ಕೆಯನ್ನು ಸವರಿದವು. ಮುಟ್ಟಿದ್ದು ಅಷ್ಟೆ, ಆದರೆ ವಿಮಾನ ಕೆಳಕ್ಕಿಳಿಯುತ್ತಿದ್ದಂತೆ ರೆಕ್ಕೆ ಕಳಚಿತು. ಬೋಲ್ಕೆ ಶಿರಸ್ತ್ರಾಣ ಧರಿಸಿರಲಿಲ್ಲ, ಆಸನದ ಪಟ್ಟಿಯನ್ನು ಬಿಗಿದಿರಲಿಲ್ಲ. ಅವನಿಗೆ ಆಗ 25 ವರ್ಷ.

ಆಂಗ್ಲ ವೈಮಾನಿಕರು ಆಕಾಶದಿಂದ ಪುಷ್ಪಚಕ್ರವನ್ನು ಇಳಿಬಿಟ್ಟರು. ವಿಲ್ಸನ್ ಮತ್ತು ಅವನ ಜೊತೆಯ ಸೆರೆಯಾಳುಗಳೂ ಒಂದನ್ನು ಕಳುಹಿಸಿದರು. ಬೋಮೆಯ ದುಃಖಕ್ಕೆ ಮೇರೆಯಿರಲಿಲ್ಲ. 1917ರ ಆಗಸ್ಟಿನಲ್ಲಿ, ಬೋಲ್ಕೆಯ ಹೆಸರನ್ನು ಹೊತ್ತಿದ್ದ ಅದೇ ದಳಕ್ಕೆ ಅವನೇ ನಾಯಕನಾದನು. ನವೆಂಬರ್ 29ರಂದು ಯುದ್ಧದಲ್ಲಿ ಮಡಿದನು.