ಸಂಶಯದ ಕತ್ತಲಿನಿಂದ ದೃಢವಿಶ್ವಾಸದ ಬೆಳಕಿಗೆ: ಇಮಾಮ್ ಗಝಾಲಿ(ರ)

ಕೆಲವು ವರ್ಷಗಳ ಹಿಂದೆ ಮದ್ರಸದಲ್ಲಿ ಪಾಠ ನಡೆಯುತ್ತಿದ್ದಾಗ ಹುಡುಗನೊಬ್ಬ ಎದ್ದು ನಿಂತು ಪ್ರಶ್ನೆ ಕೇಳಿದ. ತಾನು ಪಕ್ಕದ ಕ್ರೈಸ್ತರ ಮನೆಯಲ್ಲಿ ಹುಟ್ಟಿರುತ್ತಿದ್ದರೆ ಅವರ ಧರ್ಮವನ್ನೇ ಸತ್ಯವೆಂದು ನಂಬುತ್ತಿದ್ದೆನಲ್ಲವೇ, ಹಾಗಾದರೆ ತನ್ನ ಈಗಿನ ವಿಶ್ವಾಸಕ್ಕೆ ಬೆಲೆಯೇನು ಎಂಬುದು ಅವನ ಸಂದೇಹ. ನಾನು ಅವನನ್ನು ಗದರಿಸಿ ಕೂರಿಸಿದೆ. ಆ ಬಳಿಕ ಅವನು ಪ್ರಶ್ನೆ ಕೇಳಲಿಲ್ಲ. ಆ ಮೌನವನ್ನು ನಾನು ವಿನಯವೆಂದು ತಿಳಿದೆ. ಇದೇ ಪ್ರಶ್ನೆ 900 ವರ್ಷಗಳ ಹಿಂದೆ ಇಮಾಮ್ ಗಝಾಲಿಯವರ(ರ) ನಿದ್ದೆಗೆಡಿಸಿತ್ತೆಂದು ನನಗೆ ತಿಳಿದದ್ದು ಅವರ ಆತ್ಮಕಥನ 'ಅಲ್ ಮುನ್‌ಕಿದ್ ಮಿನದ್ದಲಾಲ್' ಓದಿದಾಗ. ಅವರು ಆ ಪ್ರಶ್ನೆಯನ್ನು ಗದರಿಸಲಿಲ್ಲ. ಅದರ ಹಿಂದೆ ಹೊರಟರು.

ಅಬೂ ಹಾಮಿದ್ ಮುಹಮ್ಮದ್ ಅಲ್ ಗಝಾಲಿ ಹಿಜರಿ 450ರಲ್ಲಿ (ಕ್ರಿ.ಶ. 1058) ಖುರಾಸಾನಿನ ತೂಸ್ ಎಂಬಲ್ಲಿ ಜನಿಸಿದರು. ಇಂದಿನ ಇರಾನಿನ ಮಶ್‌ಹದ್ ನಗರಕ್ಕೆ ಸಮೀಪದ ಊರದು. ತಂದೆ ಉಣ್ಣೆ ನೂತು ಮಾರಿ ಜೀವಿಸುತ್ತಿದ್ದ ಬಡವರು; ಸ್ವತಃ ಓದಿದವರಲ್ಲದಿದ್ದರೂ ವಿದ್ವಾಂಸರ ಸಭೆಗಳನ್ನು ಬಹಳ ಪ್ರೀತಿಸುತ್ತಿದ್ದರು. ಮರಣ ಸಮೀಪಿಸಿದಾಗ ಮುಹಮ್ಮದ್ ಮತ್ತು ಅಹ್ಮದ್ ಎಂಬ ಇಬ್ಬರು ಗಂಡುಮಕ್ಕಳನ್ನೂ ಅಲ್ಪಸ್ವಲ್ಪ ಹಣವನ್ನೂ ಸೂಫಿ ಗೆಳೆಯರೊಬ್ಬರ ಕೈಗೊಪ್ಪಿಸಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ಹಣ ಮುಗಿಯಿತು. ಆ ಗೆಳೆಯರೂ ಬಡವರೇ. ಊಟ, ವಸತಿ ದೊರೆಯುವ ಮದ್ರಸಕ್ಕೆ ಸೇರುವಂತೆ ಅವರು ಮಕ್ಕಳಿಗೆ ಸೂಚಿಸಿದರು. ತಾವು ಅಲ್ಲಾಹನಿಗಾಗಿ ಅಲ್ಲದೆ ಹೊಟ್ಟೆಪಾಡಿಗಾಗಿ ವಿದ್ಯೆಯನ್ನು ಅರಸಿದೆವು, ಆದರೆ ವಿದ್ಯೆಯೇ ಅಲ್ಲಾಹನಿಗಲ್ಲದೆ ಬೇರಾರಿಗೂ ಆಗಲು ಒಪ್ಪಲಿಲ್ಲ ಎಂದು ಇಮಾಮರು ಮುಂದೆ ಸ್ಮರಿಸುತ್ತಿದ್ದರಂತೆ.

ಜುರ್ಜಾನಿನಲ್ಲಿ ಕಲಿತು ಮರಳುವಾಗ ದರೋಡೆಕೋರರು ಅವರ ಟಿಪ್ಪಣಿಗಳ ಗಂಟನ್ನೂ ಕಿತ್ತುಕೊಂಡರೆಂಬ ಪ್ರಸಂಗ ಪ್ರಸಿದ್ಧ. ತನ್ನ ವಿದ್ಯೆಯೆಲ್ಲ ಅದರಲ್ಲಿದೆ, ಹಿಂದಿರುಗಿಸಿ ಎಂದು ಯುವಕ ಅಂಗಲಾಚಿದಾಗ ನಾಯಕನು ನಕ್ಕು, ಕಳ್ಳನು ಒಯ್ಯಬಹುದಾದದ್ದು ಎಂಥ ವಿದ್ಯೆ ಎಂದು ಕೇಳಿ ಗಂಟನ್ನು ಮರಳಿಸಿದನು. ಗಝಾಲಿ ಮೂರು ವರ್ಷ ಕುಳಿತು ಅದನ್ನೆಲ್ಲ ಕಂಠಪಾಠ ಮಾಡಿದರು. ನಂತರ ನೈಶಾಪುರದಲ್ಲಿ ಇಮಾಮುಲ್ ಹರಮೈನ್ ಜುವೈನಿಯವರ ಶಿಷ್ಯರಾದರು. 1085ರಲ್ಲಿ ಗುರುಗಳು ನಿಧನರಾದ ಮೇಲೆ ಸಲ್ಜೂಕರ ವಝೀರ ನಿಝಾಮುಲ್ ಮುಲ್ಕ್ ಅವರ ಆಸ್ಥಾನ ಸೇರಿದರು. 1091ರಲ್ಲಿ ಬಗ್ದಾದಿನ ನಿಝಾಮಿಯ್ಯ ಮದ್ರಸದ ಮುಖ್ಯ ಪೀಠ ಅವರಿಗೆ ಒಲಿದು ಬಂತು. ಆಗ ಅವರ ವಯಸ್ಸು ಮೂವತ್ತನಾಲ್ಕನ್ನು ದಾಟಿರಲಿಲ್ಲ. 300 ವಿದ್ಯಾರ್ಥಿಗಳು ಅವರ ಮುಂದೆ ಕುಳಿತು ಕಲಿಯುತ್ತಿದ್ದರು.

ಹೊರಗೆ ಇಷ್ಟೆಲ್ಲ ವೈಭವವಿದ್ದರೂ ಒಳಗೆ ಎಳೆಯ ವಯಸ್ಸಿನಿಂದಲೇ ಒಂದು ದಾಹವಿತ್ತು. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿ, ಯಹೂದಿಗಳ ಮಕ್ಕಳು ಯಹೂದಿಗಳಾಗಿ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿಯೇ ಬೆಳೆಯುವುದನ್ನು ಅವರು ಕಂಡಿದ್ದರು. ಪ್ರತಿಯೊಂದು ಮಗುವೂ ಶುದ್ಧ ಪ್ರಕೃತಿಯಲ್ಲೇ ಹುಟ್ಟುತ್ತದೆ, ಅದನ್ನು ಬೇರೊಂದು ಧರ್ಮದತ್ತ ಒಯ್ಯುವವರು ಹೆತ್ತವರು ಎಂಬ ಪ್ರವಾದಿವರ್ಯರ(ಸ) ವಚನವೂ ಗೊತ್ತಿತ್ತು. ಹಾಗಾದರೆ ತನ್ನಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ತಾನೇ ಅರಿತದ್ದೆಷ್ಟು? ತಂದೆತಾಯಿ, ಗುರುಗಳ ಅನುಕರಣೆಯನ್ನು ಕಳಚಿಟ್ಟರೆ ಉಳಿಯುವ ಖಚಿತವಾದ ಜ್ಞಾನ ಯಾವುದು?

ಅವರು ಮೊದಲು ಇಂದ್ರಿಯಗಳನ್ನು ಪರೀಕ್ಷಿಸಿದರು. ನೆರಳು ನಿಂತಂತೆ ಕಾಣುತ್ತದೆ, ಆದರೆ ಚಲಿಸುತ್ತಿರುತ್ತದೆ. ನಕ್ಷತ್ರ ದೀನಾರ್ ನಾಣ್ಯದಷ್ಟೇ ಕಾಣುತ್ತದೆ, ಆದರೆ ಅದು ಭೂಮಿಗಿಂತ ದೊಡ್ಡದೆಂದು ಗಣಿತ ಹೇಳುತ್ತದೆ. ಕಣ್ಣಿನ ತಪ್ಪನ್ನು ಬುದ್ಧಿ ತೋರಿಸಿಕೊಟ್ಟಿತು. ಬುದ್ಧಿಯ ತಪ್ಪನ್ನು ತೋರಿಸುವ ಇನ್ನೊಂದು ನ್ಯಾಯಾಧೀಶ ಇರಬಾರದೆಂದೇನು? ಕನಸಿನಲ್ಲಿ ಕಂಡದ್ದನ್ನು ನಾವು ನಿಜವೆಂದೇ ನಂಬುತ್ತೇವೆ, ಎಚ್ಚರವಾದಾಗಲೇ ಅದು ಸುಳ್ಳೆಂದು ತಿಳಿಯುವುದು. ಈ ಸಂಶಯದ ಬೇನೆ ಸುಮಾರು ಎರಡು ತಿಂಗಳು ಅವರನ್ನು ಬಾಧಿಸಿತು. ನಾಲಿಗೆ ನಿರಾಕರಣೆಯನ್ನು ಆಡದಿದ್ದರೂ ಒಳಗಿನ ಅವಸ್ಥೆ ಅದೇ ಆಗಿತ್ತೆಂದು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅದರಿಂದ ಪಾರಾದದ್ದು ತರ್ಕದ ಬಲದಿಂದಲ್ಲ, ಅಲ್ಲಾಹನು ಎದೆಗೆ ಹಾಯಿಸಿದ ಬೆಳಕಿನಿಂದ ಎಂಬುದು ಅವರ ಸಾಕ್ಷ್ಯ.

ಆ ಬಳಿಕ ಸತ್ಯವನ್ನು ಅರಸುತ್ತಿದ್ದೇವೆಂದು ಹೇಳಿಕೊಳ್ಳುವ ನಾಲ್ಕು ಪಂಗಡಗಳನ್ನು ಅವರು ಒಂದೊಂದಾಗಿ ಶೋಧಿಸಿದರು: ಇಲ್ಮುಲ್ ಕಲಾಮಿನ ಪಂಡಿತರು, ತತ್ವಜ್ಞಾನಿಗಳು, ಬಾತಿನಿಗಳು ಮತ್ತು ಸೂಫಿಗಳು. ಒಂದು ವಿದ್ಯೆಯನ್ನು ಅದರ ಪಂಡಿತರಷ್ಟೇ ಆಳವಾಗಿ ತಿಳಿಯದೆ ಖಂಡಿಸುವುದು ಕತ್ತಲಲ್ಲಿ ಕಲ್ಲೆಸೆದಂತೆ ಎಂಬುದು ಅವರ ನಿಲುವು. ಪಾಠ ಮತ್ತು ಬರಹದ ನಡುವೆ ಬಿಡುವು ಮಾಡಿಕೊಂಡು ಎರಡು ವರ್ಷದೊಳಗೆ ತತ್ವಶಾಸ್ತ್ರವನ್ನು ತಾವೇ ಓದಿದರು. ಇನ್ನೂ ಒಂದು ವರ್ಷ ಅದನ್ನು ಮೆಲುಕು ಹಾಕಿದರು. ಬಾತಿನಿಗಳ ವಾದವನ್ನು ಅವರು ಎಷ್ಟು ಸಮರ್ಥವಾಗಿ ನಿರೂಪಿಸಿದರೆಂದರೆ, ವಿರೋಧಿಗಳಿಗೆ ನೀವೇ ಆಯುಧ ಕೊಡುತ್ತಿದ್ದೀರಿ ಎಂದು ಸತ್ಯವಿಶ್ವಾಸಿಗಳೇ ಆಕ್ಷೇಪಿಸಿದರು. ಜನರ ನಡುವೆ ಆಗಲೇ ಹರಡಿರುವ ಸಂದೇಹಕ್ಕೆ ಉತ್ತರಿಸಬೇಕಾದರೆ ಮೊದಲು ಅದನ್ನು ಸರಿಯಾಗಿ ಹೇಳಲೇಬೇಕೆಂಬುದು ಅವರ ಸಮಾಧಾನವಾಗಿತ್ತು.

ದೇವನಿಷೇಧದ ಕುರಿತು ಅವರು ನಡೆಸಿದ ವಿವೇಚನೆ ಇಂದಿಗೂ ಗಮನಾರ್ಹ. ಎಲ್ಲ ತತ್ವಜ್ಞಾನಿಗಳನ್ನೂ ಅವರು ಒಂದೇ ಹಗ್ಗದಲ್ಲಿ ಕಟ್ಟಲಿಲ್ಲ. ಸೃಷ್ಟಿಕರ್ತನೇ ಇಲ್ಲ, ಜಗತ್ತು ಅನಾದಿಯಿಂದ ತಾನಾಗಿ ಇದೆ, ಜೀವಿಯಿಂದ ಬೀಜ, ಬೀಜದಿಂದ ಜೀವಿ ಎನ್ನುವ ದಹ್ರಿಯ್ಯರು ಒಂದು ವರ್ಗ. ದೇಹರಚನೆಯ ಅದ್ಭುತವನ್ನು ಕಂಡು ಯುಕ್ತಿವಂತನಾದ ಕರ್ತೃವನ್ನು ಒಪ್ಪಿದರೂ, ದೇಹದೊಂದಿಗೆ ಆತ್ಮವೂ ಅಳಿಯುವುದೆಂದು ಪರಲೋಕವನ್ನು ನಿರಾಕರಿಸುವ ಪ್ರಕೃತಿವಾದಿಗಳು ಎರಡನೆಯವರು. ಸಾಕ್ರೆಟಿಸ್, ಪ್ಲೇಟೋ, ಅರಿಸ್ಟಾಟಲ್‌ರಂತಹ ದೇವವಾದಿಗಳು ಮೂರನೆಯವರು. 1095ರ ಸುಮಾರಿಗೆ ಬರೆದ 'ತಹಾಫುತುಲ್ ಫಲಾಸಿಫ'ದಲ್ಲಿ ಅವರು ತತ್ವಜ್ಞಾನಿಗಳ 20 ವಾದಗಳನ್ನು ಖಂಡಿಸಿದರು. ಜಗತ್ತು ಅನಾದಿ, ದೇವನಿಗೆ ಬಿಡಿಬಿಡಿ ವಿಷಯಗಳ ಅರಿವಿಲ್ಲ, ದೇಹಸಹಿತ ಪುನರುತ್ಥಾನವಿಲ್ಲ ಎಂಬ ಮೂರು ವಾದಗಳನ್ನು ಸತ್ಯನಿಷೇಧವೆಂದೇ ತೀರ್ಮಾನಿಸಿದರು. ತೀರ್ಪು ಕಠಿಣವಾಗಿತ್ತು, ಆದರೆ ಅವರು ಓದದೆ ಕೊಟ್ಟ ತೀರ್ಪಲ್ಲ. ಇನ್ನೊಂದೆಡೆ, ಗ್ರಹಣದಂತಹ ಲೆಕ್ಕದಿಂದ ಸಾಬೀತಾದ ಸಂಗತಿಗಳನ್ನು ಧರ್ಮದ ಹೆಸರಿನಲ್ಲಿ ಅಲ್ಲಗಳೆಯುವವನು ಇಸ್ಲಾಮಿನ ಅವಿವೇಕಿ ಗೆಳೆಯ, ಅವನಿಂದ ಧರ್ಮಕ್ಕೆ ಹಾನಿಯೇ ಹೆಚ್ಚು ಎಂದೂ ಎಚ್ಚರಿಸಿದರು.

ಕ್ರೈಸ್ತರ ವಿಷಯದಲ್ಲೂ ಇದೇ ನ್ಯಾಯ. ದೇವನೊಬ್ಬನೇ, ಈಸಾ(ಅ) ದೇವನ ಸಂದೇಶವಾಹಕರು ಎಂದು ಕ್ರೈಸ್ತನೊಬ್ಬ ಹೇಳಿದರೆ, ಹೇಳಿದವನು ಕ್ರೈಸ್ತನೆಂಬ ಕಾರಣಕ್ಕೆ ಆ ಮಾತನ್ನು ತಳ್ಳಿಹಾಕುವವನನ್ನು ಅವರು ಬುದ್ಧಿಹೀನನೆಂದು ಪರಿಗಣಿಸಿದರು. ಅವನೊಂದಿಗೆ ನಮಗಿರುವ ಭಿನ್ನಾಭಿಪ್ರಾಯ ಅಂತಿಮ ಪ್ರವಾದಿಯವರನ್ನು(ಸ) ಒಪ್ಪದಿರುವುದರಲ್ಲಿದೆಯೇ ಹೊರತು ಆ ಮಾತಿನಲ್ಲಲ್ಲ. ವ್ಯಕ್ತಿಗಳಿಂದ ಸತ್ಯವನ್ನು ಅಳೆಯಬಾರದು, ಸತ್ಯವನ್ನು ಅರಿತರೆ ಅದರ ಜನರನ್ನು ಗುರುತಿಸಬಹುದು ಎಂಬ ಅಲೀಯವರ(ರ) ಉಪದೇಶವನ್ನು ಅವರು ಇಲ್ಲಿ ನೆನಪಿಸುತ್ತಾರೆ. ನುರಿತ ಚಿನಿವಾರನು ಖೋಟಾ ನಾಣ್ಯದವನ ಚೀಲದಿಂದಲೂ ಅಪ್ಪಟ ನಾಣ್ಯವನ್ನು ಹೆಕ್ಕಿ ತೆಗೆಯಬಲ್ಲನಷ್ಟೆ.

ಆದರೆ ಸತ್ಯವನ್ನು ತಿಳಿಯುವುದೇ ಕೊನೆಯಲ್ಲ. ಸೂಫಿಗಳ ಗ್ರಂಥಗಳನ್ನು ಓದಿದಾಗ, ಇನ್ನುಳಿದದ್ದು ಓದಿನಿಂದ ದಕ್ಕುವುದಿಲ್ಲ, ಬದುಕಿ ಪಡೆಯಬೇಕಾದದ್ದು ಎಂದು ಅವರಿಗೆ ಮನವರಿಕೆಯಾಯಿತು. ತನ್ನ ಅಧ್ಯಾಪನದ ಉದ್ದೇಶವನ್ನು ಪರೀಕ್ಷಿಸಿಕೊಂಡರು. ಅದು ಅಲ್ಲಾಹನಿಗಾಗಿ ಇರಲಿಲ್ಲ, ಕೀರ್ತಿಗಾಗಿತ್ತು. ಬೆಳಿಗ್ಗೆ ಎಲ್ಲವನ್ನೂ ತೊರೆಯುವ ನಿರ್ಧಾರ, ಸಂಜೆ ಹಿಂಜರಿಕೆ. 1095ರಲ್ಲಿ ಆರು ತಿಂಗಳು ಹೀಗೆಯೇ ಕಳೆಯಿತು. ಕೊನೆಗೆ ನಾಲಿಗೆಯೇ ಕಟ್ಟಿಹೋಯಿತು. ಒಂದು ಪದ ಪಾಠ ಹೇಳಲಾಗಲಿಲ್ಲ, ತುತ್ತು ಇಳಿಯಲಿಲ್ಲ. ರೋಗ ಹೃದಯದ್ದೆಂದು ವೈದ್ಯರು ಕೈಚೆಲ್ಲಿದರು.

ಮಕ್ಕಳ ಜೀವನಾಂಶಕ್ಕೆ ಬೇಕಾದಷ್ಟು ಉಳಿಸಿ ಮಿಕ್ಕ ಸಂಪತ್ತನ್ನು ಹಂಚಿ, ಹಜ್ಜ್ ಯಾತ್ರೆಯೆಂದು ಹೇಳಿ ಅವರು ಸಿರಿಯಾಕ್ಕೆ ಹೊರಟರು. ಸುಮಾರು ಎರಡು ವರ್ಷ ದಮಸ್ಕಸ್‌ನಲ್ಲಿದ್ದು, ಅಲ್ಲಿಯ ಮಸೀದಿಯ ಮಿನಾರ ಏರಿ ಬಾಗಿಲು ಹಾಕಿಕೊಂಡು ದಿನವಿಡೀ ಆರಾಧನೆಯಲ್ಲಿರುತ್ತಿದ್ದರು. ಬೈತುಲ್ ಮುಖದ್ದಸ್, ಹೆಬ್ರೋನ್, ಮಕ್ಕಾ, ಮದೀನಗಳನ್ನೂ ಸಂದರ್ಶಿಸಿದರು. ಹೆಬ್ರೋನಿನಲ್ಲಿ ಇಬ್ರಾಹೀಮ್(ಅ) ಅವರ ಸಮಾಧಿಯ ಬಳಿ, ಅರಸರ ಬಳಿ ಹೋಗುವುದಿಲ್ಲ, ಅವರ ಹಣ ಮುಟ್ಟುವುದಿಲ್ಲ, ವಾದದ ಕಣಕ್ಕಿಳಿಯುವುದಿಲ್ಲ ಎಂದು ಪ್ರತಿಜ್ಞೆ ಮಾಡಿದರು. ನಮ್ಮ ಕರಾವಳಿಯಲ್ಲೂ ಚಿರಪರಿಚಿತವಾದ 'ಇಹ್ಯಾ ಉಲೂಮಿದ್ದೀನ್' ಈ ಏಕಾಂತದ ವರ್ಷಗಳ ಫಲ. 1106ರಲ್ಲಿ ಆಡಳಿತದ ಒತ್ತಾಯಕ್ಕೆ ಮಣಿದು ಮತ್ತೆ ನೈಶಾಪುರದಲ್ಲಿ ಪಾಠ ಹೇಳಿದರು. ಹಿಂದೆ ಕಲಿಸಿದ್ದು ಸ್ಥಾನಮಾನ ಗಳಿಸುವ ವಿದ್ಯೆ, ಈಗ ಕಲಿಸುವುದು ಸ್ಥಾನಮಾನ ತೊರೆಯುವ ವಿದ್ಯೆ ಎಂದು ಎರಡರ ಅಂತರವನ್ನು ಅವರೇ ಬರೆದಿಟ್ಟರು. 1111ರ ಡಿಸೆಂಬರಿನಲ್ಲಿ ತೂಸ್‌ನಲ್ಲೇ ನಿಧನರಾದರು.

ಅವರ ಇನ್ನೊಂದು ಕೃತಿ 'ಫೈಸಲುತ್ತಫ್ರಿಖ'ದ ಒಂದು ವಿಚಾರವನ್ನು ಹೇಳದೆ ಈ ಲೇಖನ ಮುಗಿಯದು. ಅವರ ಜೀವಿತಕಾಲದಲ್ಲೇ, 1099ರಲ್ಲಿ, ಶಿಲುಬೆ ಯೋಧರು ಬೈತುಲ್ ಮುಖದ್ದಸನ್ನು ವಶಪಡಿಸಿಕೊಂಡರು. ಅಂತಹ ಕಾಲದ ಈ ವಿದ್ವಾಂಸರು ರೋಮನ್ ಕ್ರೈಸ್ತರನ್ನು ಮೂರಾಗಿ ವಿಂಗಡಿಸಿದರು. ಪ್ರವಾದಿವರ್ಯರ(ಸ) ಹೆಸರನ್ನೇ ಕೇಳದವರಿಗೆ ವಿನಾಯಿತಿಯಿದೆ. ಅವರ ಗುಣ, ನಡತೆಗಳನ್ನು ಸರಿಯಾಗಿ ಅರಿತೂ ನಿರಾಕರಿಸಿದವರಿಗೆ ಇಲ್ಲ. ಆದರೆ ಬಾಲ್ಯದಿಂದಲೂ ಅವರ ಬಗ್ಗೆ ಅಪಪ್ರಚಾರವನ್ನಷ್ಟೇ ಕೇಳಿ ಬೆಳೆದವರು ಏನನ್ನೂ ಕೇಳದವರಿಗೆ ಸಮಾನರು, ಏಕೆಂದರೆ ಅವರು ಕೇಳಿದ್ದರಲ್ಲಿ ಸತ್ಯಾನ್ವೇಷಣೆಗೆ ಪ್ರೇರೇಪಿಸುವಂಥದ್ದೇನೂ ಇರಲಿಲ್ಲ.

ಇಲ್ಲಿ ಇಮಾಮರು ನಮ್ಮ ಹೆಗಲ ಮೇಲೊಂದು ಭಾರವನ್ನು ಹೊರಿಸಿದ್ದಾರೆ. ನಮ್ಮ ನೆರೆಯ ಕ್ರೈಸ್ತನೂ ನಾಸ್ತಿಕ ಗೆಳೆಯನೂ ನಮ್ಮ ಮೂಲಕ ಯಾವ ಪ್ರವಾದಿಯನ್ನು(ಸ) ಅರಿತಿದ್ದಾರೆ? ಅವರ ವಿಶ್ವಾಸವನ್ನು ಅವರಿಂದಲೇ ಕೇಳಿ ತಿಳಿದ ಬಳಿಕವಷ್ಟೇ ನಾವು ತೀರ್ಪು ನೀಡುತ್ತಿದ್ದೇವೆಯೇ?

ಆ ಹುಡುಗ ಈಗ ದೊಡ್ಡವನಾಗಿರಬೇಕು. ಅವನು ಮತ್ತೆ ಸಿಕ್ಕಿದರೆ ಮೊದಲು ಕ್ಷಮೆ ಕೇಳುವೆ. ಆಮೇಲೆ, ಹುಟ್ಟಿನಿಂದ ಬಂದ ವಿಶ್ವಾಸ ಅಲ್ಲಾಹನ ಅನುಗ್ರಹ, ಆದರೆ ಅದನ್ನು ತನ್ನದಾಗಿಸಿಕೊಳ್ಳುವ ಹೊಣೆ ಪ್ರತಿಯೊಬ್ಬನದು ಎನ್ನುವೆ. ಈಗ ತರಗತಿಯಲ್ಲಿ ಯಾರಾದರೂ ಪ್ರಶ್ನೆ ಕೇಳಲು ಎದ್ದರೆ ನಾನು ಪುಸ್ತಕ ಮುಚ್ಚಿಟ್ಟು ಕೇಳಿಸಿಕೊಳ್ಳುತ್ತೇನೆ. ಸತ್ಯವನ್ನು ಅರಸುವವರಿಗೆ ದಾರಿ ತೋರಿಸುವವನು ಅಲ್ಲಾಹನು. ಆ ದಾರಿಗೆ ಅಡ್ಡವಾಗಿ ನಿಲ್ಲುವವರ ಸಾಲಿನಲ್ಲಿ ಅವನು ನಮ್ಮನ್ನು ಸೇರಿಸದಿರಲಿ. ಆಮೀನ್.