ಎಮ್ಮಾ ಲಿವ್ರಿ: ಬೆಂಕಿಗೆ ಸಿಕ್ಕ ಚಿಟ್ಟೆ

ಎಮ್ಮಾ ಲಿವ್ರಿ ತೀರಿಕೊಂಡಾಗ ಅವಳಿಗೆ ಇಪ್ಪತ್ತು ವರ್ಷ. ಇಪ್ಪತ್ತೊಂದು ತುಂಬೋಕೆ ಇನ್ನೂ ಎರಡು ತಿಂಗಳು ಬಾಕಿ ಇತ್ತು. ಅಂದ್ರೆ ನಮ್ಮ ಥರ್ಡ್ ಇಯರ್ ಸೀನಿಯರ್‌ಗಳ ವಯಸ್ಸು. ಅಷ್ಟರೊಳಗೆ ಅವಳು ಪ್ಯಾರಿಸ್ ಒಪೆರಾದ ದೊಡ್ಡ ಬ್ಯಾಲೆ ನರ್ತಕಿ ಅನ್ನಿಸಿಕೊಂಡಾಗಿತ್ತು. ಬ್ಯಾಲೆ ಅಂದ್ರೆ ಕಾಲ್ಬೆರಳ ತುದಿಯ ಮೇಲೆ ನಿಂತು ಮಾಡೋ ಡ್ಯಾನ್ಸ್, ಅದಕ್ಕಿಂತ ಹೆಚ್ಚು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಆದರೂ ಈ ಹುಡುಗಿಯ ಕಥೆ ಎಂಜಿನಿಯರಿಂಗ್ ಓದೋ ನಾವೆಲ್ಲ ತಿಳ್ಕೊಬೇಕಾದ್ದು. ಅದರಲ್ಲಿ ಗ್ಯಾಸ್ ಇದೆ, ಬಟ್ಟೆ ಇದೆ, ಕೆಮಿಸ್ಟ್ರಿ ಇದೆ, ಯಾರೂ ಸರಿಯಾಗಿ ಪಾಲಿಸದ ಒಂದು ಸರ್ಕಾರಿ ಆದೇಶವೂ ಇದೆ.

ಎಮ್ಮಾ ಹುಟ್ಟಿದ್ದು 1842ರ ಸೆಪ್ಟೆಂಬರ್ 24ರಂದು, ಪ್ಯಾರಿಸ್ಸಿನಲ್ಲಿ. ತಾಯಿ ಸೆಲೆಸ್ಟೀನ್ ಎಮರೋ ಕೂಡ ಒಪೆರಾದಲ್ಲಿ ಕುಣಿಯುತ್ತಿದ್ದವಳೇ, ಆದರೆ ಅಂಥ ದೊಡ್ಡ ಹೆಸರು ಮಾಡಿರಲಿಲ್ಲ. ತಂದೆ ಒಬ್ಬ ಬ್ಯಾರನ್, ತಾಯಿಯನ್ನು ಮದುವೆಯಾಗಿರಲಿಲ್ಲ. ಆಗಿನ ಒಪೆರಾದಲ್ಲಿ ಬಡ ನರ್ತಕಿಯರ ಬದುಕು ಶ್ರೀಮಂತ ಗಂಡಸರ ದಯೆಯ ಮೇಲೆ ನಿಂತಿರುತ್ತಿತ್ತು. ಎಮ್ಮಾಗೆ ಬೇಗ ಅವಕಾಶ ಸಿಗೋದಕ್ಕೂ ತಾಯಿಗೆ ಆಪ್ತನಾಗಿದ್ದ ಒಬ್ಬ ಶ್ರೀಮಂತನ ಪ್ರಭಾವ ಕೆಲಸ ಮಾಡಿತು. ಆದರೆ ವೇದಿಕೆ ಹತ್ತಿದ ಮೇಲೆ ಪ್ರಭಾವ ಕುಣಿಯಲ್ಲ, ಕಾಲೇ ಕುಣಿಯಬೇಕು.

1858ರ ಅಕ್ಟೋಬರ್‌ನಲ್ಲಿ ಹದಿನಾರರ ಎಮ್ಮಾ 'ಲಾ ಸಿಲ್ಫೀಡ್' ಅನ್ನೋ ಬ್ಯಾಲೆಯ ಮುಖ್ಯ ಪಾತ್ರದಲ್ಲಿ ಮೊದಲ ಸಲ ಬಂದಳು. ಸಿಲ್ಫೀಡ್ ಅಂದ್ರೆ ಗಾಳಿಯಲ್ಲಿ ತೇಲೋ ಒಂದು ಅಪ್ಸರೆ. 1832ರಲ್ಲಿ ಈ ಪಾತ್ರವನ್ನು ಮೊದಲು ಮಾಡಿ ಯುರೋಪಿಗೇ ಹುಚ್ಚು ಹಿಡಿಸಿದವಳು ಮಾರಿ ಟಾಗ್ಲಿಯೋನಿ. ಕಾಲ್ಬೆರಳ ತುದಿಯ ನೃತ್ಯ ಬರೀ ಕಸರತ್ತಲ್ಲ, ಕಲೆ ಅಂತ ತೋರಿಸಿದ್ದೂ ಅವಳೇ. ಅಂಥ ಪಾತ್ರವನ್ನು ಹೊಸ ಹುಡುಗಿಗೆ ಕೊಟ್ಟಿದ್ದು ಸಣ್ಣ ಪರೀಕ್ಷೆ ಅಲ್ಲ. ಎಮ್ಮಾ ತೆಳ್ಳಗಿದ್ದಳು, ನೋಡೋಕೆ ಸಾಧಾರಣ ಅಂತ ಆಡಿಕೊಳ್ಳೋರೂ ಇದ್ದರು. ಆದರೆ ಅವಳು ಹಾರಿದರೆ ನೆಲಕ್ಕೆ ಇಳಿದ ಸದ್ದೇ ಕೇಳಿಸುತ್ತಿರಲಿಲ್ಲವಂತೆ. ಆಡಿಕೊಂಡವರ ಬಾಯಿ ಮುಚ್ಚೋಕೆ ಅಷ್ಟು ಸಾಕಾಯ್ತು.

ನಿವೃತ್ತಿಯಾಗಿ ಇಟಲಿಯಲ್ಲಿದ್ದ ಟಾಗ್ಲಿಯೋನಿಗೂ ಈ ಸುದ್ದಿ ಮುಟ್ಟಿತು. ಅವಳು ಪ್ಯಾರಿಸ್ಸಿಗೆ ಬಂದು ಎಮ್ಮಾಳ ನೃತ್ಯ ನೋಡಿದಳು, ಆಮೇಲೆ ಅಲ್ಲೇ ಉಳಿದು ಅವಳಿಗೆ ಗುರುವಾದಳು. ಶಿಷ್ಯೆಗೋಸ್ಕರ 'ಲ ಪಾಪಿಯೋನ್', ಅಂದ್ರೆ ಚಿಟ್ಟೆ, ಅನ್ನೋ ಬ್ಯಾಲೆಯನ್ನೂ ಸಂಯೋಜಿಸಿದಳು. ಸಂಗೀತ ಜಾಕ್ ಒಫೆನ್‌ಬಾಕ್‌ನದು. 1860ರ ನವೆಂಬರ್ 26ರಂದು ಮೊದಲ ಪ್ರದರ್ಶನ. ಅದರ ಕಥೆಯಲ್ಲಿ ಮಾಟಕ್ಕೆ ಸಿಕ್ಕಿ ಚಿಟ್ಟೆಯಾದ ಹುಡುಗಿಯೊಬ್ಬಳು ಪಂಜಿನ ಬೆಳಕಿಗೆ ಮರುಳಾಗಿ ಹತ್ತಿರ ಹೋಗುತ್ತಾಳೆ, ರೆಕ್ಕೆ ಸುಟ್ಟುಕೊಳ್ಳುತ್ತಾಳೆ. ಕಥೆಯಲ್ಲಾದ್ರೆ ಅಲ್ಲಿಗೆ ಮಾಟ ಬಿಟ್ಟುಹೋಗಿ ಅವಳು ಮತ್ತೆ ಮನುಷ್ಯಳಾಗುತ್ತಾಳೆ.

ಈಗ ಸ್ವಲ್ಪ ಆ ಥಿಯೇಟರ್ ಬಗ್ಗೆ. ಪ್ಯಾರಿಸ್ ಒಪೆರಾ ಆಗ ಇದ್ದದ್ದು ಲ ಪೆಲೆಟಿಯೇ ಬೀದಿಯ ಕಟ್ಟಡದಲ್ಲಿ. ಅಲ್ಲಿ 1822ರಿಂದಲೇ ಗ್ಯಾಸ್ ದೀಪ ಬಂದಿತ್ತು. ವೇದಿಕೆಯ ಮುಂದಿನ ಅಂಚಿನಲ್ಲಿ, ಎರಡೂ ಪಕ್ಕದ ರೆಕ್ಕೆಗಳಲ್ಲಿ ಸಾಲುಸಾಲು ಜ್ವಾಲೆ. ಮೇಣದಬತ್ತಿಗಿಂತ ಬೆಳಕು ಜಾಸ್ತಿ, ಬೇಕಾದಾಗ ಹೆಚ್ಚು ಕಡಿಮೆ ಮಾಡಬಹುದು, ಆದರೆ ಉರಿಯೋದು ನಿಜವಾದ ಬೆಂಕಿ. ಅದರ ಪಕ್ಕದಲ್ಲೇ ನರ್ತಕಿಯರ ಬಿಳಿ ಸ್ಕರ್ಟು: ತೆಳ್ಳನೆಯ ಹತ್ತಿ ಬಟ್ಟೆ, ಪದರದ ಮೇಲೆ ಪದರ, ನಡುನಡುವೆ ಗಾಳಿ. ಕಡಿಮೆ ತೂಕ, ಹೆಚ್ಚು ಮೇಲ್ಮೈ, ಬೇಕಾದಷ್ಟು ಆಕ್ಸಿಜನ್. ಬೇಗ ಹೊತ್ತಿಕೊಳ್ಳೋ ವಸ್ತು ಡಿಸೈನ್ ಮಾಡಿ ಅಂದ್ರೆ ನಾವೂ ಹೆಚ್ಚುಕಮ್ಮಿ ಹೀಗೇ ಮಾಡ್ತೀವಿ. ಲಂಡನ್ನಿನಲ್ಲಿ ಕ್ಲಾರಾ ವೆಬ್‌ಸ್ಟರ್ ಅನ್ನೋ ನರ್ತಕಿ 1844ರಲ್ಲೇ ಹೀಗೆ ವೇದಿಕೆಯ ಮೇಲೆ ಬೆಂಕಿ ತಗುಲಿ ಸತ್ತಿದ್ದಳು.

ಪರಿಹಾರ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗ್ಯಾಸ್ ನಿಯಮದಲ್ಲಿ ನಾವು ಹೆಸರು ಓದಿರೋ ಗೇ-ಲುಸಾಕ್, ಥಿಯೇಟರ್ ಬಟ್ಟೆಗಳಿಗೆ ಬೆಂಕಿ ಹತ್ತದ ಹಾಗೆ ಮಾಡೋದು ಹೇಗೆ ಅಂತ ಫ್ರಾನ್ಸ್ ರಾಜನಿಗಾಗಿ ಸಂಶೋಧನೆ ಮಾಡಿ 1821ರಲ್ಲೇ ಪ್ರಕಟಿಸಿದ್ದ. ಅಮೋನಿಯಂ ಲವಣಗಳು ಮತ್ತು ಬೋರಾಕ್ಸ್ ಚೆನ್ನಾಗಿ ಕೆಲಸ ಮಾಡುತ್ತವೆ ಅಂತ ಅವನು ಕಂಡುಕೊಂಡಿದ್ದ. ಆಮೇಲೆ ಕಾರ್ತೆರೋನ್ ಅನ್ನೋವನೂ ಇಂಥದ್ದೇ ಲವಣದ ದ್ರಾವಣದಲ್ಲಿ ಬಟ್ಟೆ ಅದ್ದೋ ವಿಧಾನ ತಂದ. ವೇದಿಕೆಯ ಉಡುಪುಗಳಿಗೆಲ್ಲ ಇದನ್ನು ಮಾಡಲೇಬೇಕು ಅಂತ 1859ರಲ್ಲಿ ಚಕ್ರವರ್ತಿಯ ಆದೇಶವೂ ಆಯ್ತು.

ಆದರೆ ಅದ್ದಿದ ಬಟ್ಟೆ ಗಂಜಿ ಜಾಸ್ತಿಯಾದ ಪಂಚೆಯ ಹಾಗೆ ಸೆಟೆದುಕೊಳ್ಳುತ್ತಿತ್ತು, ಬಿಳುಪು ಹೋಗಿ ಮಾಸಲಾಗುತ್ತಿತ್ತು. ತೇಲೋದೇ ತನ್ನ ಕಸುಬು ಅನ್ನೋ ನರ್ತಕಿಗೆ ಅಂಥ ಸ್ಕರ್ಟು ಕೊಟ್ಟರೆ ಅವಳು ಏನು ಮಾಡಬೇಕು? ಎಮ್ಮಾ 1860ರಲ್ಲಿ ಒಪೆರಾದ ನಿರ್ದೇಶಕರಿಗೆ ಪತ್ರ ಬರೆದಳು. ಮೊದಲ ಪ್ರದರ್ಶನಗಳಲ್ಲೆಲ್ಲ ಮಾಮೂಲಿ ಸ್ಕರ್ಟನ್ನೇ ಹಾಕ್ಕೊಳ್ತೀನಿ, ಏನಾದರೂ ಆದರೆ ಹೊಣೆ ನನ್ನದೇ ಅನ್ನೋದು ಅದರ ಸಾರಾಂಶ. ಹದಿನೆಂಟರ ಆಸುಪಾಸಿನ ಹುಡುಗಿಯ ಆ ಒಂದು ಪತ್ರ ಇಟ್ಟುಕೊಂಡು ಒಪೆರಾ ಸುಮ್ಮನಾಯ್ತು.

1862ರ ನವೆಂಬರ್ 15, 'ಲಾ ಮ್ಯುಎತ್ ದ ಪೋರ್ತಿಚಿ' ಒಪೆರಾದ ರಿಹರ್ಸಲ್. ಎಮ್ಮಾಳದು ಮಾತು ಬಾರದ ಹುಡುಗಿ ಫೆನೆಲ್ಲಾಳ ಪಾತ್ರ. ತನ್ನ ಸರದಿಗೆ ಕಾಯುತ್ತಾ ಕೂತವಳು ಸ್ಕರ್ಟು ಮುದುರಬಾರದು ಅಂತ ಅದನ್ನು ಎತ್ತಿ ಕೊಡವಿದಳು. ಆ ಗಾಳಿಗೆ ಪಕ್ಕದ ಗ್ಯಾಸ್ ದೀಪದ ಜ್ವಾಲೆ ಬಟ್ಟೆಗೆ ಬಂತು. ಉರಿಯುತ್ತಲೇ ಅವಳು ವೇದಿಕೆಯ ತುಂಬ ಓಡಿದಳು. ಓಡಿದಷ್ಟೂ ಗಾಳಿ, ಗಾಳಿಯಷ್ಟೂ ಬೆಂಕಿ. ಕೊನೆಗೆ ಅಗ್ನಿಶಾಮಕದವನೊಬ್ಬ ಹಿಡಿದು ಕಂಬಳಿ ಸುತ್ತಿ ಆರಿಸಿದ.

ಆಮೇಲೆ ಎಂಟು ತಿಂಗಳು ಅವಳು ಬದುಕಿದ್ದಳು. ಆಂಟಿಬಯೋಟಿಕ್ ಇಲ್ಲದ ಕಾಲ, ಸುಟ್ಟ ಗಾಯಕ್ಕೆ ಇವತ್ತಿನಂಥ ಚಿಕಿತ್ಸೆಯೂ ಇಲ್ಲ. ಆ ನೋವಿನಲ್ಲೂ, ಅದ್ದಿದ ಸ್ಕರ್ಟುಗಳು ಕ್ಷೇಮವೇ ಇರಬಹುದು, ಆದರೆ ವೇದಿಕೆಗೆ ವಾಪಸ್ ಹೋದರೂ ಅವನ್ನು ಹಾಕಲ್ಲ ಅಂತ ಅವಳು ಹೇಳಿದಳಂತೆ. 1863ರ ಜುಲೈ 26ರಂದು ಪ್ಯಾರಿಸ್ ಪಕ್ಕದ ನೆಯಿಯಲ್ಲಿ ತೀರಿಕೊಂಡಳು. ಸಮಾಧಿ ಮೊಂಮಾರ್ತ್ರ್ ಸ್ಮಶಾನದಲ್ಲಿದೆ. ಅವಳ ಸುಟ್ಟ ಉಡುಪಿನ ಚೂರುಗಳನ್ನು ಒಪೆರಾದ ಮ್ಯೂಸಿಯಂ ಈಗಲೂ ಕಾಪಾಡಿಕೊಂಡು ಬಂದಿದೆ. ಟಾಗ್ಲಿಯೋನಿ ಸಂಯೋಜಿಸಿದ ಬ್ಯಾಲೆಗಳಲ್ಲಿ ಪ್ರದರ್ಶನ ಕಂಡದ್ದು ಆ ಚಿಟ್ಟೆಯ ಬ್ಯಾಲೆ ಒಂದೇ.

ಹಟ ಮಾಡಿದಳು, ಅನುಭವಿಸಿದಳು ಅಂತ ಹೇಳಿ ಮುಗಿಸೋದು ಸುಲಭ. ನಮಗೆ ಹಾಗೆ ಅನ್ನಿಸಲ್ಲ. ಬೆಂಕಿ ಇದ್ದದ್ದು ದೀಪದಲ್ಲಿ, ಆದರೆ ಬದಲಾಗಬೇಕು ಅಂತ ಆದೇಶ ಆಗಿದ್ದು ಸ್ಕರ್ಟಿಗೆ. ದೀಪ ತೆರೆದೇ ಇತ್ತು. ಸೇಫ್ಟಿ ಬಗ್ಗೆ ಇವತ್ತು ಹೇಳಿಕೊಡೋ ಮೊದಲ ಪಾಠವೇ ಇದು: ಮೊದಲು ಅಪಾಯವನ್ನು ತೆಗೀರಿ, ಆಗದಿದ್ದರೆ ಅಡ್ಡ ಕಟ್ಟಿ, ಮನುಷ್ಯನ ಮೈಮೇಲಿನ ರಕ್ಷಣೆ ಕೊನೆಯದು. ಆ ಕೊನೆಯ ರಕ್ಷಣೆಯೂ ಅವನ ಕೆಲಸವನ್ನೇ ಕೆಡಿಸೋ ಹಾಗಿದ್ದರೆ ಅವನು ಅದನ್ನು ತೆಗೆದಿಡ್ತಾನೆ. ಕಾರ್ಖಾನೆಯ ಗ್ಲೌಸ್ ಆಗಲಿ, ನಮ್ಮ ಲ್ಯಾಬಿನ ಕನ್ನಡಕ ಆಗಲಿ, ಇದೇ ಕಥೆ.

1873ರಲ್ಲಿ ಲ ಪೆಲೆಟಿಯೇ ಬೀದಿಯ ಆ ಥಿಯೇಟರೇ ಬೆಂಕಿಗೆ ಆಹುತಿಯಾಯ್ತು. 1881ರಲ್ಲಿ ಲಂಡನ್ನಿನ ಸವಾಯ್ ಥಿಯೇಟರಿಗೆ ವಿದ್ಯುತ್ ಬಲ್ಬು ಬಂತು. ಗಾಜಿನ ಬುರುಡೆಯೊಳಗಿನ ಬೆಳಕು, ಸ್ಕರ್ಟು ತಗುಲಿದರೂ ಹೊತ್ತಿಕೊಳ್ಳುವಂಥ ಜ್ವಾಲೆ ಇಲ್ಲ. ಎಮ್ಮಾ ಬದುಕಿದ್ದಿದ್ದರೆ ಆಗ ಅವಳಿಗೆ ಮೂವತ್ತೊಂಬತ್ತು ವರ್ಷ. ಬಹುಶಃ ಅಷ್ಟು ಹೊತ್ತಿಗೆ ಅವಳೂ ಟಾಗ್ಲಿಯೋನಿಯ ಹಾಗೆ ಯಾವುದೋ ಹದಿನಾರರ ಹುಡುಗಿಗೆ ಹೆಜ್ಜೆ ಹೇಳಿಕೊಡುತ್ತಿದ್ದಳು.